ನನ್ನ ಹಲ್ಲಿಗೆ ತೂಗಿದ ಪ್ರಮಾಣಪತ್ರ

ನಾನೊಂದು ಹಣಿಗೆ. ಜಡೆ ಬಾಚುವ ನಾಜೂಕಿನ ಹಣಿಗೆ ಅಂದುಕೊಳ್ಳಬೇಡಿ. ಜಾಲಿ ಹಲಗೆಗೆ ಬೆರಳುದ್ದದ ಅರವತ್ತು ಮೊಳೆ ಬಡಿದು ಕಮ್ಮಾರ ಮೌನೇಶಪ್ಪ ನನ್ನನ್ನು ಹುಟ್ಟಿಸಿದ. ಹುಟ್ಟಿದ ದಿನವೇ ಕೊಪ್ಪಳದ ಕಡೆಯ ಒಂದು ಕೂದಲು ಷೆಡ್ಡಿಗೆ ಬಂದೆ. ಹೆಂಗಸರು ಬಾಚಿ ಎಸೆದ ಕೂದಲಿನ ಉಂಡೆಗಳು ಇಲ್ಲಿಗೆ ಚೀಲಗಟ್ಟಲೆ ಬರುತ್ತವೆ. ನನ್ನ ಹಲ್ಲಿಗೆ ಸಿಕ್ಕಿಸಿ ಎಳೆದರೆ ಸಿಕ್ಕು ಬಿಡುತ್ತದೆ. ಧೂಳು ಎಳೆದವರ ಎದೆಗೆ ಹೋಗುತ್ತದೆ.

ಮೊದಲು ನನ್ನೆದುರು ಕೂತವಳು ಯಲ್ಲವ್ವ. ಹನ್ನೊಂದು ವರ್ಷ ಕೂದಲು ಎಳೆದಳು, ಕೆಮ್ಮಿ ಕೆಮ್ಮಿ ತೀರಿಕೊಂಡಳು. ಅವಳ ಜಾಗಕ್ಕೆ ಸೊಸೆ ಹುಲಿಗೆವ್ವ ಬಂದಳು. ಈಗ ಅವಳಿಗೂ ಕೆಮ್ಮು ಹತ್ತಿದೆ. ಷೆಡ್ಡಿಗಿರುವುದು ಒಂದೇ ಕಿಟಕಿ. ಗಾಳಿಗೆ ಕೂದಲು ಹಾರುತ್ತದೆಂದು ಸಾವ್ಕಾರ ಪಂಪಣ್ಣ ಅದಕ್ಕೂ ಹಲಗೆ ಬಡಿದಿದ್ದಾನೆ.

ನಮ್ಮ ಕೂದಲು ಹೋಗುವುದು ‘ಕೇಶಸಿರಿ’ ಎಂಬ ಕಂಪನಿಗೆ. ಎಣ್ಣೆ, ಶಾಂಪೂ, ಜಡೆಗೆ ಸೇರಿಸಿ ಹೆಣೆಯುವ ಚವರಿ ಎಲ್ಲ ಮಾರುತ್ತಾರೆ. ಅವರ ಎಣ್ಣೆ ಬಾಟಲಿ ಪಂಪಣ್ಣನ ಮೇಜಿನ ಮೇಲಿದೆ, ಅದರ ಮೇಲೊಂದು ಮೊಲದ ಚಿತ್ರ. ಯಾವ ಪ್ರಾಣಿಗೂ ನೋವು ಮಾಡಿಲ್ಲ ಎಂದು ಅರ್ಥವಂತೆ. ಸಂತೋಷ! ನಾನೇನು ಮೊಲದ ವೈರಿಯಲ್ಲ.

ಒಂದು ದಿನ ಸುದ್ದಿ ಬಂತು. ಕಂಪನಿ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡಿ ಅಂಕ ಹಾಕಲು ಬೆಂಗಳೂರಿನಿಂದ ಮೇಡಂ ಬರುತ್ತಾರಂತೆ. ಹುಲಿಗೆವ್ವ ಹಿಗ್ಗಿಹೋದಳು. ಎಂಟು ದಿನ ಕೂದಲು ಎಳೆಯುತ್ತಲೇ ನನ್ನೆದುರು ಮಾತು ರೂಢಿಸಿಕೊಂಡಳು: “ಅಕ್ಕಾರ, ಆ ಕಿಡಕಿ ತಗಸ್ರಿ. ನಮ್ಮತ್ತಿ ಹಿಂಗ ಹೋದ್ಲು, ನನಗೂ ಎದಿ ಹಿಡದೈತ್ರಿ. ಅಷ್ಟು ಬರ್ಕೊಳ್ರಿ.” ತಪ್ಪಿದರೆ ಮತ್ತೆ ಮೊದಲಿನಿಂದ. ಕೊನೆಗೆ ನನಗೇ ಬಾಯಿಪಾಠವಾಯಿತು.

ಮೇಡಂ ಬರುವ ದಿನ ಆದದ್ದೇನು? ಪಂಪಣ್ಣ ಯಾರಿಗೂ ಗುಡಿಸಿ ಅನ್ನಲಿಲ್ಲ. ಮನೆಗೆ ಬೀಗರು ಬರುತ್ತಾರೆಂಬಂತೆ ಈ ಹೆಂಗಸರೇ ನಸುಕಿಗೆದ್ದು ಬಂದು ಗುಡಿಸಿದರು, ತೊಳೆದರು, ಬಾಗಿಲಿಗೆ ರಂಗೋಲಿ ಹಾಕಿದರು. ಹುಲಿಗೆವ್ವ ಇಳಕಲ್ಲ ಸೀರೆ ಉಟ್ಟು ನನ್ನ ಹಲ್ಲನ್ನೂ ಒಂದೊಂದಾಗಿ ಉಜ್ಜಿದಳು. ಅಯ್ಯೋ ಹುಚ್ಚಿ, ಧೂಳು ತೋರಿಸಬೇಕಾದ ದಿನವೇ ಧೂಳು ಒರೆಸುತ್ತಾರೇನೇ!

ಮೇಡಂ ಕೆಟ್ಟವರಲ್ಲ, ಸುಳ್ಳೇಕೆ ಹೇಳಲಿ. ಪ್ರಾಣಿಯ ಕೊಬ್ಬು ಬಳಸುತ್ತೀರಾ, ಪ್ಲಾಸ್ಟಿಕ್ ಎಷ್ಟು ಎಂದು ಹಾಳೆ ಮಗುಚುತ್ತಾ ಕೇಳಿದರು. ಗುಡಿಸಿದ ನೆಲ ನೋಡಿದರು, ಹಲಗೆ ಬಡಿದ ಕಿಟಕಿ ನೋಡಲಿಲ್ಲ. ಅಷ್ಟರಲ್ಲಿ ಪಂಪಣ್ಣ ಫೋನು ಬಂತೆಂದು ಹೊರಗೆ ಹೋದ. ಮೇಡಂ ಹುಲಿಗೆವ್ವನ ಕಡೆ ತಿರುಗಿದರು.

“ಅಮ್ಮಾ, ನಿಮಗೇನಾದರೂ ತೊಂದರೆ ಇದೆಯಾ? ಹೆದರಬೇಡಿ, ಹೇಳಿ.”

ಹೇಳೇ, ಹೇಳೇ ಎಂದು ನನ್ನ ಜೀವ ಬಡಿದುಕೊಂಡಿತು. ಹುಲಿಗೆವ್ವ ಬೆಲ್ಲ, ನೀರು ಮುಂದಿಟ್ಟಳು. ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿದಳು.

“ಏನಿಲ್ರಿ ಅಕ್ಕಾರ, ಎಲ್ಲಾ ಆರಾಮ ಐತ್ರಿ. ಅಷ್ಟು ದೂರದಿಂದ ಬಂದೀರಿ, ಒಂದು ತುತ್ತು ಉಣ್ಣದ ಹೋಗಬ್ಯಾಡ್ರಿ.”

ಬಂದವರ ಮುಂದೆ ಗೋಳು ತೆಗೆಯಬಾರದಂತೆ! ಸುಡಲಿ ಆ ಮರ್ಯಾದೆ. ಅರವತ್ತು ಹಲ್ಲು ಕೊಟ್ಟ ಮೌನೇಶಪ್ಪ ನನಗೊಂದು ನಾಲಗೆ ಕೊಡಲಿಲ್ಲ. ಮೇಡಂ ರೊಟ್ಟಿ, ಪುಂಡಿಪಲ್ಯ ಉಂಡು, ಬಾಯಿ ತುಂಬ ಹೊಗಳಿ, ಹತ್ತಕ್ಕೆ ಒಂಬತ್ತು ಅಂಕ ಬರೆದುಕೊಂಡು ಹೋದರು.

ಕಾರು ಮರೆಯಾದ ಮೇಲೆ ಹುಲಿಗೆವ್ವ ನನ್ನೆದುರು ಕುಸಿದಳು. “ಮನಿಗೆ ಬಂದವರ ಮುಂದ ಹೆಂಗ ಹೇಳ್ಲಿ?” ಎಂದು ಅತ್ತಳು. ನನಗೆ ಸಿಟ್ಟೂ ಬಂತು, ಮರುಕವೂ ಬಂತು.

ಈಗ ನನ್ನ ಹಲ್ಲುಗಳು ಡೊಂಕಾಗಿವೆ, ಮೂಲೆಗೆ ಬಿದ್ದಿದ್ದೇನೆ. ಮೊನ್ನೆ ಕಂಪನಿಯಿಂದ ಗಾಜು ಹಾಕಿದ ಪ್ರಮಾಣಪತ್ರ ಬಂತು, ಮೇಲೆ ಅದೇ ಮೊಲ. ತೂಗುಹಾಕಲು ಪಂಪಣ್ಣನಿಗೊಂದು ಮೊಳೆ ಬೇಕಿತ್ತು. ಇಕ್ಕಳ ತಂದು ನನ್ನ ಹಲ್ಲೊಂದನ್ನು ಕಿತ್ತ, ಕಿಟಕಿಗೆ ಬಡಿದ ಹಲಗೆಗೇ ಹೊಡೆದ. ಅದರ ಕೆಳಗೆ ಹುಲಿಗೆವ್ವ ಹೊಸ ಹಣಿಗೆಯ ಮುಂದೆ ಕೂತು ಕೆಮ್ಮುತ್ತಾಳೆ. ಮೊಲ ಮಾತ್ರ ಆರಾಮಾಗಿದೆ.