ಭಂಡಾರ ಹಚ್ಚಿದ ಫೋನು

ಸಪ್ನಾಳ ಹೊಸ ಫೋನಿಗೆ ಭಂಡಾರ ಹಚ್ಚಿದವಳು ಅವಳ ಅತ್ತೆ ಸುಗಲಾಬಾಯಿ. ಮೈಂದರ್ಗಿಯ ಆ ಮನೆಗೆ ಹೊಸದು ಏನೇ ಬರಲಿ, ಕುರಿಮರಿಯೇ ಇರಲಿ ಕುಡುಗೋಲೇ ಇರಲಿ, ಮೊದಲು ಮನೆದೇವರು ಬೀರೋಬನ ಮುಂದಿಟ್ಟು ಅರಿಶಿನದ ಭಂಡಾರ ಮುಟ್ಟಿಸಬೇಕು. ಮಗನ ಗಾಡಿಗೆ ಒಂದು ಚಿಟಿಕೆ ಸಾಕಾಗಿತ್ತು. ಸೊಸೆಯ ಫೋನಿಗೆ ಮಾತ್ರ ಸುಗಲಾಬಾಯಿ ಬೊಗಸೆ ತುಂಬ ತೆಗೆದುಕೊಂಡು ಮೇಲೆ, ಕೆಳಗೆ, ಅಂಚಿಗೆಲ್ಲ ಒತ್ತಿ ಒತ್ತಿ ಹಚ್ಚಿದ್ದಳು.

ಅಕ್ಕರೆಗೆ ಕಾರಣವಿತ್ತು. ಸಪ್ನಾ ಪಶುಸಖಿ. ಹಟ್ಟಿಯಿಂದ ಹಟ್ಟಿಗೆ ಹೋಗಿ ಕುರಿಗಳ ಬಾಯಿ, ಗೊರಸು, ಕೆಚ್ಚಲು ನೋಡುತ್ತಾಳೆ. ಫೋಟೋ ತೆಗೆದು ಅಕ್ಕಲಕೋಟದ ಡಾಕ್ಟರಿಗೆ ಕಳಿಸುತ್ತಾಳೆ. ಅವರು ಹೇಳಿದ ಔಷಧ ಹಾಕುತ್ತಾಳೆ. ಹಿಂದಿನ ಚಳಿಗಾಲದಲ್ಲಿ ಮರಿ ಅಡ್ಡ ನಿಂತು ಕುರಿಯೊಂದು ಸಾಯುವುದಕ್ಕೆ ಬಂದಿತ್ತು. ಸಪ್ನಾ ಹಳೆಯ ಫೋನನ್ನು ಬೇಲಿಗೆ ಒರಗಿಸಿ, ಡಾಕ್ಟರ ಮಾತು ಕೇಳುತ್ತ, ಒಂದು ಕೈ ಒಳಗೆ ಹಾಕಿ ಮರಿಯನ್ನು ತಿರುಗಿಸಿ ಎಳೆದಿದ್ದಳು. ಕುರಿಗಳ ನಡುವೆಯೇ ಹುಟ್ಟಿ ಮುದುಕಿಯಾದ ಸುಗಲಾಬಾಯಿ ಅಂಥದ್ದನ್ನು ಕಂಡಿರಲಿಲ್ಲ. ಅಂದಿನಿಂದ ಸೊಸೆ ಮನೆಯೊಳಗೆ ಬಂದರೆ ತಾನೇ ಎದ್ದು ನೀರು ಕೊಡುತ್ತಾಳೆ.

ಈಗ ಆ ಹೊಸ ಫೋನೇ ಕರೆಂಟು ಕುಡಿಯುವುದನ್ನು ಬಿಟ್ಟಿತ್ತು. ವೈರು ಬದಲಿಸಿದರು, ಪ್ಲಗ್ಗು ಬದಲಿಸಿದರು. ಇದ್ದಷ್ಟು ಬ್ಯಾಟರಿ ಇಳಿದು ಫೋನು ಕಪ್ಪಗಾಯಿತು. ಸೋಮವಾರದಿಂದ ಮಳೆಗಾಲದ ಲಸಿಕೆ ಶುರು. ಲಸಿಕೆ ಹಾಕಿದ ಪ್ರತಿ ಕುರಿಯ ಫೋಟೋ ಫೋನಿನಿಂದಲೇ ಹೋಗಬೇಕು. ಹಳೆಯ ಫೋನನ್ನು ಅಂಗಡಿಗೇ ಕೊಟ್ಟು ಹೊಸದರ ಬೆಲೆಯಲ್ಲಿ ಮುರಿದುಕೊಂಡಾಗಿತ್ತು. ಸಪ್ನಾಗೆ ಆಗದಿದ್ದರೆ ಆ ಕೆಲಸವನ್ನು ಪಕ್ಕದ ಊರಿನ ರೂಪಾಲಿಗೆ ಕೊಡುತ್ತೇವೆಂದು ಆಫೀಸಿನವರು ಹೇಳಿಯಾಗಿತ್ತು.

"ಬೀರೋಬಾ ಹೊಟ್ಟಿ ತುಂಬ ಉಣಿಸ್ಯಾನ," ಎಂದ ಸುಗಲಾಬಾಯಿಯ ಗಂಡ ಬೀರಣ್ಣ, ಚಾರ್ಜರಿನ ತೂತಿನಲ್ಲಿ ಹಳದಿ ಕಂಡು. "ಇನ್ನ ಕರೆಂಟ್ ಯಾಕ ಬೇಕು ಅದಕ?"

"ನೀವು ಸುಮ್ಕಿರ್ರಿ ಮಾಮಾ," ಎಂದಳು ಸಪ್ನಾ. ನಕ್ಕಳು ಕೂಡ. ಆ ನಗುವೇ ಸುಗಲಾಬಾಯಿಯನ್ನು ಚುಚ್ಚಿತು. ಬೈದಿದ್ದರೆ ಹಗುರಾಗುತ್ತಿತ್ತು.

"ಬಸ್ ಸ್ಟ್ಯಾಂಡಿನಾಗ ಫೋನ್ ರಿಪೇರಿ ಮಾಡೋ ಮೈಲಾರಲಿಂಗಗ ತೋರಸು. ಒಂದ ಚಹಾ ಕುಡಿಯೂದ್ರಾಗ ಬಿಚ್ಚಿ ಕೊಡ್ತಾನ," ಎಂದಳು ಅತ್ತೆ.

"ಬ್ಯಾಡ್ರಿ ಅತ್ತಿ. ಅವ ಬಿಚ್ಚಿದ್ರ ಕಾಗದಕ್ಕ ಬೆಲಿ ಇರೂದಿಲ್ಲ. ಶನಿವಾರ ಸೊಲ್ಲಾಪುರಕ್ಕ ಒಯ್ಯೂಣು."

ಕಾಗದಗಳು ಎರಡಿದ್ದವು. ಫೋನು ಕೊಂಡ ದಿನ ಅಕ್ಕಲಕೋಟದ ಅಂಗಡಿಯಲ್ಲಿ ಸುಗಲಾಬಾಯಿಯೂ ಇದ್ದಳು. ಒಂದು ಕಾಗದ ಫೋನಿನ ಜೊತೆಗೇ ಬಂದ ಕಂಪನಿಯ ವಾರಂಟಿ. ಇನ್ನೊಂದು ಪ್ಲ್ಯಾನು, ಬೇರೆ ದುಡ್ಡು ಕೊಟ್ಟು ಕೊಳ್ಳುವುದು. ಅಂಗಡಿಯ ತುಷಾರ ಗಡಬಡಿಸಿ "ಸಗಳಾ ಕವರ್ ಆಹೆ, ಎಲ್ಲಾ ಬರ್ತದ" ಎಂದು ಸಹಿ ಮಾಡಿಸಲು ಪೆನ್ನು ಚಾಚಿದ್ದ. ಸಪ್ನಾ ಪೆನ್ನು ಮುಟ್ಟಲಿಲ್ಲ.

"ಎಲ್ಲಾ ಅಂದ್ರ ಏನೇನು? ಬಿದ್ರ?"

"ಬರ್ತದ."

"ಯಾವದ್ರಾಗ ಬರ್ತದ? ಇದ್ರಾಗೋ ಅದ್ರಾಗೋ?"

ತುಷಾರ ಕುರ್ಚಿ ಎಳೆದು ಕುಳಿತುಕೊಳ್ಳಬೇಕಾಯಿತು. ಅವನಿಂದ ಬಾಯಿ ಬಿಡಿಸಿ, ತಿರುಗಿ ತಿರುಗಿ ಕೇಳಿ, ಕೊನೆಗೆ ಅವಳೇ ಅತ್ತೆಗೆ ಹೇಳಿದ್ದಳು: "ತಾನಾಗಿ ಕೆಟ್ರ ಕಂಪನಿ ನೋಡ್ತದ, ಒಂದ ವರ್ಷ. ನಮ್ಮ ಕೈಲೆ ಬಿದ್ದು ಒಡದ್ರ, ನೀರಾಗ ಹೋದ್ರ ಈ ಪ್ಲ್ಯಾನು, ಅದೂ ಒಂದ ಸಲ. ಕಳಕೊಂಡ್ರ ಯಾವದೂ ಇಲ್ಲ. ಹೊರಗಿನವ್ರು ಬಿಚ್ಚಿದ್ರೂ ಇಲ್ಲ."

"ವಹಿನಿ, ನಿಮ್ಮ ತವರಮನಿ ವಕೀಲರದೇನ್ರಿ?" ಎಂದಿದ್ದ ತುಷಾರ ಬೆವರು ಒರೆಸಿಕೊಳ್ಳುತ್ತ.

"ಕುರಿಯವರದು," ಎಂದು ಸಪ್ನಾ ಆಗ ಸಹಿ ಮಾಡಿದ್ದಳು.

ಶುಕ್ರವಾರ ಸಪ್ನಾ ಹಟ್ಟಿಗಳ ಕಡೆ ಹೋದಾಗ ಸುಗಲಾಬಾಯಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ತಾನು ಕೆಡಿಸಿದ್ದನ್ನು ತಾನೇ ಸರಿಮಾಡಿಸಿ, ಸೊಸೆ ಬರುವುದರೊಳಗೆ ಗೋಡೆಯ ಮಾಡದಲ್ಲಿ ಇಟ್ಟುಬಿಡಬೇಕೆಂದು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

"ಬಾ ಆಯಿ," ಎಂದ ಮೈಲಾರಲಿಂಗ. ಒಳ್ಳೆಯ ಮನುಷ್ಯ, ಬಗ್ಗಿ ತೂತಿನೊಳಗೆ ನೋಡಿದ. "ಅಯ್ಯಯ್ಯ, ಜೇಜೂರಿ ಜಾತ್ರಿ ಭಂಡಾರನೇ ತುಂಬೇದಲ್ಲ ಇದ್ರಾಗ! ಸೂಜಿ ಹಾಕಿ ಕೆರದ್ರ ಆತು. ಆಗ್ಲಿಲ್ಲಂದ್ರ ಬಿಚ್ಚೂಣು."

ಅವನು ಸೂಜಿ ಎತ್ತಿದ. ಸುಗಲಾಬಾಯಿಗೆ ಇದ್ದಕ್ಕಿದ್ದಂತೆ ತನ್ನ ಅಪ್ಪ ಕಣ್ಣ ಮುಂದೆ ಬಂದ.

ಅಪ್ಪ ಪರರ ಕುರಿಗಳನ್ನೂ ಮೇಯಿಸುತ್ತಿದ್ದ. ಭೀಮಾ ದಂಡೆಯಲ್ಲಿ ಹಿಂಡು ಬಿಟ್ಟಿದ್ದಾಗ ಪರರದೊಂದು ಕುರಿ ಸತ್ತರೆ, ಜೊತೆಗಿದ್ದವರು ಸುಲಿದು ಹಂಚಿಕೊಳ್ಳೋಣ ಎನ್ನುವರು. ಅಪ್ಪ ಒಪ್ಪುತ್ತಿರಲಿಲ್ಲ. ಸತ್ತ ಕುರಿಯನ್ನು ಇದ್ದ ಹಾಗೆಯೇ ಹೆಗಲಿಗೇರಿಸಿ, ಎಷ್ಟು ದೂರವಾದರೂ ಸರಿ, ಒಡೆಯನ ಬಾಗಿಲಿಗೆ ಒಯ್ಯುತ್ತಿದ್ದ. ಒಡೆಯ ಕಿವಿಯ ಗುರುತು ನೋಡಬೇಕು, ಹೊಟ್ಟೆ ಮುಟ್ಟಬೇಕು, ರೋಗದಿಂದ ಸತ್ತಿತೋ ತೋಳ ಹಿಡಿಯಿತೋ ಹೇಳಬೇಕು. ಅಲ್ಲಿಯವರೆಗೆ ಅದಕ್ಕೆ ಚಾಕು ತಾಗಬಾರದು. ತಾಗಿದರೆ ನಿನ್ನ ಮಾತು ಯಾರೂ ನಂಬುವುದಿಲ್ಲ ಎನ್ನುತ್ತಿದ್ದ ಅಪ್ಪ, ನೊಣ ಓಡಿಸುತ್ತ ನಡೆಯುತ್ತಲೇ.

ಸಪ್ನಾ ಅಂಗಡಿಯಲ್ಲಿ ಕೂತು ಕೇಳಿದ್ದೆಲ್ಲ ಇದೇ ಅಲ್ಲವೇ? ರೋಗಕ್ಕೆ ಯಾರು, ತೋಳಕ್ಕೆ ಯಾರು ಎಂದು ಮೊದಲೇ ಮಾತು ಮಾಡಿಕೊಂಡದ್ದು?

"ತಡಿ ತಮ್ಮಾ!" ಎಂದಳು. "ಚುಚ್ಚಬ್ಯಾಡ. ಕೊಡಿಲ್ಲಿ."

"ಯಾಕ ಆಯಿ, ನನ್ನ ಮ್ಯಾಲ ಭರೋಸಾ ಇಲ್ಲೇನು?"

"ನಿನ್ನ ಮ್ಯಾಲ ಅದ. ಆದ್ರ ಮೊದಲು ನೋಡಾವ್ರು ಬ್ಯಾರೆ ಅದಾರ."

ಮೈಲಾರಲಿಂಗ ಸಿಟ್ಟಾಗಲಿಲ್ಲ. ಸೂಜಿಯನ್ನು ಡಬ್ಬಿಗೆ ಹಾಕಿ, ಚಹಾ ಹೇಳಿದ.

ಮರುದಿನ ಅತ್ತೆ ಸೊಸೆ ಸೊಲ್ಲಾಪುರದ ಬಸ್ಸು ಹತ್ತಿದರು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ತಣ್ಣನೆಯ ಗಾಳಿ, ಗಾಜಿನ ಮೇಜು. ಎದುರಿಗೆ ಕುಳಿತಿದ್ದ ಹುಡುಗಿಯ ಹೆಸರು ವರದಾ ಎಂದು ಸಪ್ನಾ ಅವಳ ಎದೆಯ ಬಿಲ್ಲೆ ಓದಿ ಹೇಳಿದಳು. ವರದಾಳ ಅಜ್ಜಿ ಅಕ್ಕಲಕೋಟದವಳಂತೆ. ಸುಗಲಾಬಾಯಿಯ ಹಣೆಯ ಭಂಡಾರ ನೋಡಿ ತಡವರಿಸುವ ಕನ್ನಡದಲ್ಲೇ ಮಾತಾಡಿಸಿದಳು.

"ಬಸಾ ಮಾವಶಿ, ಕೂಡ್ರಿ. ಹೊರಗ ಯಾರರೆ ಬಿಚ್ಚಿದ್ರೇನು?"

"ಇಲ್ಲವಾ," ಎಂದಳು ಸುಗಲಾಬಾಯಿ, ಸಪ್ನಾಗಿಂತ ಮೊದಲೇ.

ವರದಾ ಭೂತಗನ್ನಡಿಯ ಕೆಳಗೆ ಫೋನು ಇಟ್ಟಳು. ಬಹಳ ಹೊತ್ತು ನೋಡಿದಳು. "ಹಳದಿ ಪುಡಿ ಅದ. ಇದು ಕಂಪನಿ ವಾರಂಟಿದಾಗ ಬರೂದಿಲ್ಲ. ತಾನಾಗಿ ಕೆಟ್ಟಿಲ್ಲಲ್ಲ. ಹೆಂಗ ಹೋತು ಒಳಗ?"

ಪಕ್ಕದ ಕುರ್ಚಿಯಲ್ಲಿದ್ದವನೊಬ್ಬ ಸಪ್ನಾಳ ಕಡೆ ಬಾಗಿ, ಚೀಲದಾಗಿನ ಅಡಿಗಿ ಅರಿಶಿನ ಚೆಲ್ಲಿತಂತ ಹೇಳಿ ಬಿಡ್ರಿ ಎಂದು ಪಿಸುಗುಟ್ಟಿದ. ಸಪ್ನಾ ಅವನತ್ತ ತಿರುಗಲಿಲ್ಲ.

"ಇದು ಬೀರೋಬನ ಭಂಡಾರ. ಹೊಸಾದು ಬಂದ್ರ ನಮ್ಮ ಮನ್ಯಾಗ ಹಚ್ತೀವಿ, ಛಲೋ ಆಗ್ಲಿ ಅಂತ. ಅಂಚಿನಾಗ ತೂತು ಅದ ಅನ್ನೂದು ನನಗ ಗೊತ್ತಿತ್ತು. ಬಟ್ಟಿ ಸುತ್ತಿ ದೇವರ ಮುಂದ ಇಡಬೇಕಿತ್ತು, ನಾ ಇಡ್ಲಿಲ್ಲ. ನನ್ನ ಕಡೆ ಪ್ಲ್ಯಾನು ಅದ. ಅದ್ರಾಗ ಇದು ಬರ್ತದೋ ಇಲ್ಲೋ, ಓದಿ ಹೇಳ್ರಿ."

ಸುಗಲಾಬಾಯಿ ಸೊಸೆಯ ಮುಖವನ್ನೇ ನೋಡಿದಳು. ಸುಳ್ಳು ಒಂದಕ್ಷರ ಇರಲಿಲ್ಲ. ತನ್ನ ಹೆಸರೂ ಎಲ್ಲೂ ಇರಲಿಲ್ಲ.

ವರದಾ ಕಂಪ್ಯೂಟರಿನಲ್ಲಿ ಪ್ಲ್ಯಾನು ತೆಗೆದು ಓದಿದಳು. "ಮುದ್ದಾಂ, ಬೇಕಂತ ಕೆಡಿಸಿದ್ರ ಬರೂದಿಲ್ಲ. ನೀವು ಮುದ್ದಾಂ ಕೆಡಿಸಿಲ್ಲ. ಸಾಮಾನು ಬದಲಿ ಮಾಡೂದಿದ್ರ ಇದ್ರಾಗ ಹಾಕಬಹುದು. ಆದ್ರ ಅದು ಒಂದ ಸಲದ್ದು. ಇವತ್ತ ಖರ್ಚಾದ್ರ ನಾಳೆ ಹೊಲದಾಗ ಬಿದ್ದು ಒಡದ್ರ ಏನೂ ಇಲ್ಲ. ತಡೀರಿ, ಮೊದಲು ಸ್ವಚ್ಛ ಮಾಡಿ ನೋಡ್ತೀನಿ."

ಅವಳು ಮೆತ್ತನೆಯ ಬ್ರಶ್ಶಿನಿಂದ, ಗಾಳಿ ಊದುವ ಪುಟ್ಟ ಯಂತ್ರದಿಂದ ಕೆಲಸಕ್ಕೆ ತೊಡಗಿದಳು. ಬಿಳಿ ಕಾಗದದ ಮೇಲೆ ಭಂಡಾರ ಸಣ್ಣಗೆ ಉದುರಿತು. ಸುಗಲಾಬಾಯಿ ಅದನ್ನು ಬೆರಳಿಗೆ ಒತ್ತಿಕೊಂಡು ಹಣೆಗೆ ಹಚ್ಚಿಕೊಂಡಳು. ವರದಾ ನಗಲಿಲ್ಲ, ತಾನೂ ಬೆರಳು ಮುಟ್ಟಿಸಿ ಕೊರಳಿಗೆ ಹಚ್ಚಿಕೊಂಡಳು.

ವೈರು ಚುಚ್ಚಿದಳು. ಏನೂ ಆಗಲಿಲ್ಲ. ಮತ್ತೆ ಬ್ರಶ್ಶು, ಮತ್ತೆ ಗಾಳಿ. ಎರಡನೆಯ ಸಲ ಕಪ್ಪು ಗಾಜಿನೊಳಗೆ ಬ್ಯಾಟರಿಯ ಚಿತ್ರವೊಂದು ಮೂಡಿ ಮಿಣುಗುಟ್ಟಿತು.

"ಒಳಗಿನ ಪಿನ್ನು ಸೀದಾ ಅದಾವ, ಅದಕ್ಕ ಉಳೀತು," ಎಂದಳು ವರದಾ. "ಮಂದಿ ಸೂಜಿ ಹಾಕಿ ಬಾಗಿಸಿ ತರ್ತಾರ. ನೀವು ಹಂಗ ತಂದ್ರಿ, ಬೇಸ ಮಾಡಿದ್ರಿ. ಪ್ಲ್ಯಾನು ಮುಟ್ಟೂದು ಬ್ಯಾಡ. ನಿಮ್ಮ ಒಂದ ಸಲ ನಿಮ್ಮ ಕಡೇನ ಇರ್ಲಿ."

ತಿರುಗಿ ಬರುವಾಗ ಬಸ್ಸು ಎಂಐಡಿಸಿ ಕಾರ್ಖಾನೆಗಳ ಮಗ್ಗಗಳ ಸದ್ದು ದಾಟಿದ ಮೇಲೆ ಸಪ್ನಾ ಫೋನಿನಿಂದ ಕಣ್ಣೆತ್ತದೆ ಹೇಳಿದಳು, "ಮೈಲಾರಣ್ಣ ಮುಂಜಾನೆ ಸಿಕ್ಕಿದ್ದ ಅತ್ತಿ."

ಸುಗಲಾಬಾಯಿ ಕಿಟಕಿಯ ಕಡೆ ತಿರುಗಿದಳು. "ಏನಂದ?"

"ನೀವು ಬಂದಿದ್ರಿ ಅಂದ. ಸೂಜಿ ಕಸಗೊಂಡು ಓಡಿ ಹೋದ್ರಿ ಅಂದ."

"ಸೂಜಿ ನಾ ಎಲ್ಲಿ ಕಸಗೊಂಡೆ? ಸುಳ್ಳ ಭಾಡ್ಯಾ!"

ಸಪ್ನಾ ಬಸ್ಸಿನವರೆಲ್ಲ ನೋಡುವಂತೆ ನಕ್ಕಳು. ಈ ಸಲ ಆ ನಗು ಚುಚ್ಚಲಿಲ್ಲ.

ಸೋಮವಾರ ಬೆಳಿಗ್ಗೆ ಸಪ್ನಾ ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊರಟಾಗ ಸುಗಲಾಬಾಯಿ ಭಂಡಾರದ ಚೀಲ ಹಿಡಿದು ಬಾಗಿಲಿಗೆ ಬಂದಳು. ಸೊಸೆ ತಟ್ಟನೆ ಫೋನನ್ನು ಬೆನ್ನ ಹಿಂದೆ ಮಾಡಿದಳು.

"ಅದಕ್ಕಲ್ಲ, ಅಂಜಬ್ಯಾಡ," ಎಂದು ಸುಗಲಾಬಾಯಿ ಬೊಗಸೆ ತುಂಬ ತೆಗೆದು, ಅಂಚು ಬಿಡದಂತೆ, ಸಪ್ನಾಳ ಹಣೆಗೆ ಒತ್ತಿ ಒತ್ತಿ ಹಚ್ಚಿದಳು.