ಲ್ಯಾಬಿನ ಕೆಂಪಣ್ಣ

ಹಾರ ಇಡಲು ಬಗ್ಗಿದ ದೇವಕಿ ಹಾಗೇ ನಿಂತಳು. ಕೆಂಪಣ್ಣನ ಎದೆಯ ಮೇಲೆ ಜಾಗವಿರಲಿಲ್ಲ. ಚೆಂಡುಹೂವು, ಗುಲಾಬಿ, ಯಾವುದೋ ಮಗು ನೋಟ್‌ಬುಕ್ಕಿನ ಹಾಳೆ ಮಡಿಸಿ ಮಾಡಿದ ಹೂವು, ಎಲ್ಲ ಸೇರಿ ಕುತ್ತಿಗೆಯವರೆಗೂ ಏರಿದ್ದವು. ಕೊನೆಗೆ ಹಾರವನ್ನು ಕಾಲಿನ ಕಡೆ ಇಟ್ಟು ಹಿಂದೆ ಸರಿದಳು.

ದೆಹಲಿಯ ಉತ್ತಮ್ ನಗರದ ಆ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಕಾಲಿಡಲು ಆಗುತ್ತಿರಲಿಲ್ಲ. 2008ರ ಏಪ್ರಿಲ್, ಫ್ಯಾನಿನ ಗಾಳಿಯೂ ಬಿಸಿ. ಜನಕಪುರಿಯ ಕನ್ನಡಿಗರ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಲ್ಯಾಬ್ ಅಟೆಂಡರ್ ಆಗಿದ್ದು, ಆಮೇಲಿನ ಐದಾರು ವರ್ಷ ಗೇಟಿನಲ್ಲಿ ಗಂಟೆ ಹೊಡೆದ ಕೆಂಪಣ್ಣ, ಹಿಂದಿನ ಸಂಜೆ ಎದೆನೋವೆಂದು ಕೂತವನು ಏಳಲಿಲ್ಲ. ಚನ್ನಪಟ್ಟಣದಿಂದ ಬಂಧುಗಳು ಅಷ್ಟು ಬೇಗ ತಲುಪುವಂತಿರಲಿಲ್ಲ. ಬಂದವರೆಲ್ಲ ಶಾಲೆಯ ಹಳೆಯ ಹುಡುಗರು, ಹುಡುಗಿಯರು.

ದೇವಕಿ ಅದೇ ಶಾಲೆಯ ವಿಜ್ಞಾನದ ಟೀಚರು. ಮೈಸೂರಿನ ಎಂ.ಎಸ್ಸಿ., ಇಪ್ಪತ್ತಾರು ವರ್ಷದ ಸರ್ವೀಸು. ಇಲ್ಲಿದ್ದ ಒಂದೊಂದು ಮುಖಕ್ಕೂ ಅವಳು ಪಾಠ ಹೇಳಿದ್ದಳು.

"ನಮಸ್ತೆ ಮ್ಯಾಮ್," ಎಂದಳು ಹಂಸಾ. ಈಗ ಮೆಡಿಕಲ್ ಓದುತ್ತಿದ್ದ ಹುಡುಗಿ. ಅತ್ತು ಅತ್ತು ಕಣ್ಣು ಊದಿತ್ತು. "ವಾರ್ಡಲ್ಲಿ ಫಸ್ಟ್ ಟೈಮ್ ಪೇಶಂಟ್‌ಗೆ ಥರ್ಮಾಮೀಟರ್ ಇಟ್ಟ ದಿನ ಕೆಂಪಣ್ಣ ಅಂಕಲ್‌ಗೇ ಫೋನ್ ಮಾಡಿದ್ದೆ. ಎಷ್ಟು ಖುಷಿಪಟ್ರು ಗೊತ್ತಾ ಮ್ಯಾಮ್?"

"ಹೌದಾ?" ಎಂದಳು ದೇವಕಿ.

ದೇವಕಿಯ ನಂಬರೂ ಆ ಹುಡುಗಿಯ ಬಳಿ ಇತ್ತು. ದೇವಕಿಗೆ ಫೋನು ಬಂದಿರಲಿಲ್ಲ.

ತಾನು ಸತ್ತ ದಿನ ಯಾರು ಬಂದಾರು ಎಂದು ಮನಸ್ಸು ತನ್ನಷ್ಟಕ್ಕೆ ಎಣಿಸತೊಡಗಿತು. ಗಂಡ, ಮಗ, ಸ್ಟಾಫ್ ರೂಮಿನ ನಾಲ್ಕು ಜನ. ಎಣಿಕೆ ಅಲ್ಲಿಗೆ ನಿಂತಿತು.

*

ಏಳನೇ ಕ್ಲಾಸಿನ ಉಷ್ಣದ ಪಾಠ. ದೇವಕಿ ಎರಡು ಪೀರಿಯಡ್ ಬೋರ್ಡಿನ ಮೇಲೆ ಬಿಡಿಸಿ ಹೇಳಿದ್ದಳು. ಡಾಕ್ಟರರ ಥರ್ಮಾಮೀಟರು ಮೂವತ್ತೈದರಿಂದ ನಲವತ್ತೆರಡು ಡಿಗ್ರಿಯವರೆಗೆ ಮಾತ್ರ. ಅದರ ಕೊಳವೆಯಲ್ಲಿ ಸಣ್ಣದೊಂದು ಬಾಗು ಇರುವುದರಿಂದ ಬಾಯಿಂದ ತೆಗೆದರೂ ಪಾದರಸ ಕೆಳಗಿಳಿಯುವುದಿಲ್ಲ. ಲ್ಯಾಬಿನದು ನೂರಹತ್ತು ಡಿಗ್ರಿಯವರೆಗೆ ಹೋಗುತ್ತದೆ, ಅದಕ್ಕೆ ಬಾಗು ಇಲ್ಲ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು. ಮರುದಿನ ಲ್ಯಾಬಿನಲ್ಲಿ ಒಬ್ಬಳು ಬಿಸಿನೀರಿನಿಂದ ಥರ್ಮಾಮೀಟರು ತೆಗೆದು, ಕಿಟಕಿಯ ಬೆಳಕಿಗೆ ಒಯ್ದು ಓದತೊಡಗಿದಳು. ಓದುತ್ತಿದ್ದಂತೆಯೇ ಪಾದರಸ ಇಳಿಯುತ್ತಿತ್ತು.

ದೇವಕಿ ಗದರುವ ಮೊದಲೇ ಕೆಂಪಣ್ಣ ನಕ್ಕ. "ಅರೇ ಬಿಟಿಯಾ, ಹೊರಗೆ ತೆಗೆದ್ರೆ ಅದು ಗಾಳಿ ಸುದ್ದಿ ಹೇಳುತ್ತೆ. ನೀರಿನ ಸುದ್ದಿ ನೀರಲ್ಲೇ ಕೇಳ್ಬೇಕು."

ಅರ್ಧ ಹಿಂದಿ, ಅರ್ಧ ಕನ್ನಡ. ಆದರೂ ಎಲ್ಲರಿಗೂ ತಿಳಿಯಿತು. ಅವಳ ಕೈಯಿಂದಲೇ ಥರ್ಮಾಮೀಟರನ್ನು ನೆಟ್ಟಗೆ ಹಿಡಿಸಿದ. ಪಾದರಸದ ಬುರುಡೆ ಬೀಕರಿನ ತಳಕ್ಕೂ ತಾಗದಂತೆ, ಗೋಡೆಗೂ ತಾಗದಂತೆ. ಪಾದರಸ ಏರುವುದು ನಿಲ್ಲುವವರೆಗೆ ಕಾದು, ಆಮೇಲೆ ತಾನು ಮಂಡಿ ಬಗ್ಗಿಸಿ ಕಣ್ಣನ್ನು ಅದರ ನೇರಕ್ಕೆ ತಂದ. "ಮೇಲಿಂದ ನೋಡಿದ್ರೆ ಒಂದು, ಕೆಳಗಿಂದ ನೋಡಿದ್ರೆ ಇನ್ನೊಂದು. ಅದು ಎಲ್ಲಿದೆಯೋ ನಾವು ಅಲ್ಲಿಗೆ ಹೋಗ್ಬೇಕು."

ನಲವತ್ತು ಮಕ್ಕಳೂ ಮಂಡಿ ಬಗ್ಗಿಸಿದರು. "ಎಪ್ಪತ್ತೆರಡು!" ಎಂದು ಒಟ್ಟಿಗೆ ಕೂಗಿದರು.

ದೇವಕಿ ಚಾಕ್‌ಪೀಸು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹತ್ತನೇ ಕ್ಲಾಸು ಪಾಸಾಗದ ಮನುಷ್ಯ. ಕಾರಿಡಾರಿನಲ್ಲಿ ಮಕ್ಕಳು "ಕೆಂಪಣ್ಣ ಅಂಕಲ್ ನೇ ಸಿಖಾಯಾ", ಅವನೇ ಕಲಿಸಿದ್ದು ಎನ್ನುತ್ತ ಓಡುವಾಗ ಅವಳು ಸ್ಟಾಫ್ ರೂಮಿನ ಬಾಗಿಲು ಎಳೆದುಕೊಳ್ಳುತ್ತಿದ್ದಳು.

*

ಚಿತಾಗಾರದಲ್ಲಿ ಸರದಿಗೆ ಕಾಯಬೇಕಿತ್ತು. ತಗಡಿನ ಚಾವಣಿಯ ಕೆಳಗೆ ಕೂತ ದೇವಕಿಯ ಹತ್ತಿರ ಒಬ್ಬ ಹುಡುಗ ಬಂದು ನಿಂತ. ಸುಹಾಸ್. ಹನ್ನೆರಡನೇ ಕ್ಲಾಸಿನ ಪರೀಕ್ಷೆ ಬರೆದು ಇನ್ನೂ ತಿಂಗಳಾಗಿರಲಿಲ್ಲ.

"ಮ್ಯಾಮ್, ಅವತ್ತು ಥರ್ಮಾಮೀಟರ್ ಒಡೆದಿದ್ದು ನನ್ ಕೈಲಿ. ನೆನಪಿದೆಯಾ?"

"ಇದೆ," ಎಂದಳು. ಮರೆಯುವುದು ಹೇಗೆ?

*

ಅವತ್ತು ಕೆಂಪಣ್ಣನನ್ನು ಯಾವುದೋ ಕಾಗದ ಕೊಟ್ಟು ಬೇಕೆಂದೇ ಆಫೀಸಿಗೆ ಕಳಿಸಿದ್ದಳು. ಅವನಿಲ್ಲದೆಯೂ ಪ್ರಯೋಗ ನಡೆಯುತ್ತದೆ ಎಂದು ಮಕ್ಕಳಿಗೆ ತೋರಿಸಬೇಕಿತ್ತು. ಕಪಾಟು ತೆರೆದು ಕೈಗೆ ಸಿಕ್ಕ ಡಬ್ಬಿಯಿಂದ ಒಂದನ್ನು ಸುಹಾಸನಿಗೆ ಕೊಟ್ಟಳು. ಅದು ಡಾಕ್ಟರರ ಥರ್ಮಾಮೀಟರು. ಕುದಿಯುವ ನೀರಿಗೆ ಇಳಿಸಿದ ಗಳಿಗೆಯಲ್ಲಿ ಚಟ್ಟೆಂದು ಸಿಡಿಯಿತು. ಪಾದರಸದ ಗುಂಡುಗಳು ಮೇಜಿನಿಂದ ನೆಲಕ್ಕೆ ಉರುಳಿದವು.

ಓಡಿಬಂದ ಕೆಂಪಣ್ಣ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿಗಳನ್ನೆಲ್ಲ ತೆರೆದ. ರಟ್ಟಿನ ತುಂಡಿನಿಂದ ಒಂದೊಂದೇ ಗುಂಡನ್ನು ಸೇರಿಸಿ, ನೀರು ಹಾಕಿದ ಶೀಶೆಯೊಳಗೆ ಬೀಳಿಸಿದ. ಆ ಶೀಶೆ ಅವನ ಕೈಯಲ್ಲಿರುವಾಗಲೇ ಪ್ರಿನ್ಸಿಪಾಲರು ಬಂದು ಕೇಳಿದರು, "ಮಗುವಿಗೆ ಇದನ್ನು ಕೊಟ್ಟವರು ಯಾರು?"

"ಸಾಮಾನು ತೆಗೆದುಕೊಡೋದು ಲ್ಯಾಬಿನವರ ಕೆಲಸ ಸರ್," ಎಂದಳು ದೇವಕಿ.

ಅಷ್ಟೇ ಹೇಳಿದ್ದು. ಅದರಲ್ಲಿ ಸುಳ್ಳಿರಲಿಲ್ಲ. ಕೆಂಪಣ್ಣ ಅವಳ ಕಡೆ ಒಮ್ಮೆ ನೋಡಿ ಶೀಶೆಯ ಮುಚ್ಚಳ ತಿರುಗಿಸಿದ. ಸೋಮವಾರದಿಂದ ಅವನನ್ನು ಗೇಟಿಗೆ ಹಾಕಿದರು. ಲ್ಯಾಬಿನ ಬೀಗದ ಕೈ ದೇವಕಿಗೆ ಬಂತು. ಮಕ್ಕಳು ಮಾತ್ರ ಊಟದ ಬಿಡುವಿನಲ್ಲಿ ಗೇಟಿನ ಬಳಿಯೇ ಸೇರುತ್ತಿದ್ದರು.

*

"ನೀವೇ ಕೊಟ್ಟಿದ್ದು ಅಂತ ಪ್ರಿನ್ಸಿಪಾಲ್‌ಗೆ ಹೇಳ್ತೀನಿ ಅಂದೆ ಮ್ಯಾಮ್," ಸುಹಾಸ್ ನೆಲ ನೋಡುತ್ತ ಹೇಳಿದ. "ಅಂಕಲ್ ನೇ ಮನಾ ಕರ್ ದಿಯಾ, ಬೇಡ ಅಂದ್ರು. 'ಮೇಡಮ್ಮೋರು ತಾವೇ ಹೇಳ್ತಾರೆ, ನೀನು ಸುಮ್ನಿರು' ಅಂದ್ರು. ನಾನು ಯಾರಿಗೂ ಹೇಳಿಲ್ಲ. ಇವತ್ತು ಯಾಕೋ… ಸಾರಿ ಮ್ಯಾಮ್."

ಯಾರೋ ಕರೆದರು. ಹುಡುಗ ಹೆಗಲು ಕೊಡಲು ಓಡಿದ.

ದೇವಕಿಗೆ ಮೊದಲು ಆದದ್ದು ನಾಚಿಕೆಯಲ್ಲ, ಹೊಟ್ಟೆಯುರಿ. ಅವನು ಎಲ್ಲ ಬಲ್ಲ. ಬಲ್ಲವನಾಗಿಯೂ ದಿನಾ ಬೆಳಿಗ್ಗೆ ಗೇಟು ತೆರೆದು "ನಮಸ್ಕಾರ ಮೇಡಮ್ಮೋರೆ" ಎನ್ನುತ್ತಿದ್ದ. ಇಲ್ಲೂ ಅವನೇ ಗೆದ್ದ ಅನ್ನಿಸಿತು. ಹೊಗೆ ಏಳುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ನಾಚಿಕೆ ಆಮೇಲೆ ಬಂತು. ಆಟೋದಲ್ಲಿ ಒಬ್ಬಳೇ ಕೂತಾಗ.

ತನ್ನ ಮನೆಯ ಕಡೆಗೆ ಹೋಗುವ ಜನಕಪುರಿಯ ತಿರುವು ಬಂದಾಗ, "ಭಯ್ಯಾ, ಸೀಧಾ ಚಲೋ," ಎಂದಳು. ಆಟೋ ಮತ್ತೆ ಉತ್ತಮ್ ನಗರಕ್ಕೆ ಹೋಯಿತು.

ಮನೆಯ ನೆಲ ತೊಳೆದಿದ್ದರು. ಕೆಂಪಣ್ಣನ ಹೆಂಡತಿ ಪದ್ಮಾ ಒದ್ದೆ ಕೂದಲಲ್ಲಿ ಗೋಡೆಗೊರಗಿ ಕೂತಿದ್ದಳು. ಪಕ್ಕದ ಮನೆಯಾಕೆ ಎದ್ದು ಒಳಗೆ ಹೋದಳು. ದೇವಕಿ ಎದುರಿಗೆ ನೆಲದ ಮೇಲೆಯೇ ಕೂತಳು.

"ಪದ್ಮಾ, ಅವತ್ತು ಆ ಥರ್ಮಾಮೀಟರು ಹುಡುಗನ ಕೈಗೆ ಕೊಟ್ಟವಳು ನಾನು. ಕೆಂಪಣ್ಣ ಅಲ್ಲ."

ಪದ್ಮಾ ತಲೆ ಎತ್ತಿದಳು.

"ಅವರಿಗೆ ಹೇಳಿದ್ರಾ?"

"ಇಲ್ಲ."

"ಗೇಟಿಗೆ ಹಾಕಿದ ವರ್ಷ ಭಾನುವಾರ ಬಂದ್ರೆ ಸಾಕು, ಒಗೆದ ಶರ್ಟು ಹಾಕ್ಕೊಂಡು ಕೂತಿರ್ತಿದ್ರು. ಯಾರು ಬರ್ತಾರ್ರೀ ಅಂದ್ರೆ, ಮೇಡಮ್ಮೋರು ಬರಬಹುದು, ಒಂದು ಲೋಟ ಹಾಲು ಜಾಸ್ತಿ ತಗೊಂಡಿರು ಅನ್ನೋರು. ಯಾಕೆ ಅಂತ ಹೇಳ್ಲಿಲ್ಲ. ಇವರಿಗೇನು ಹುಚ್ಚಾ ಅಂದ್ಕೊಂಡಿದ್ದೆ." ಪದ್ಮಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವತ್ತು ಬಂದ್ರಿ."

"ನಾನು…"

"ನನಗೆ ಹೇಳಿ ಏನು ಮಾಡ್ತೀರಿ ಮೇಡಂ? ಹೋಗಿ ಬನ್ನಿ ಅಂತ ಇವತ್ತು ಹೇಳಬಾರದು. ಹಾಗೇ ಹೊರಡಿ."

ದೇವಕಿ ಎದ್ದಳು. ಅರ್ಧ ಮೆಟ್ಟಿಲು ಇಳಿದಿರಲಿಲ್ಲ, ಕೆಳಗಿನಿಂದ ಸದ್ದು ಕೇಳಿಸಿತು. ಶಾಲೆ ಬಿಟ್ಟಿತ್ತು. ಆರನೇ ಕ್ಲಾಸಿನವರು, ಏಳನೇ ಕ್ಲಾಸಿನವರು, ಬೆನ್ನಿಗೆ ಬ್ಯಾಗು ಹೊತ್ತೇ ಸಾಲಾಗಿ ಹತ್ತಿ ಬರುತ್ತಿದ್ದರು. ಒಬ್ಬರು ಮಾತ್ರ ಹೋಗಬಹುದಾದ ಮೆಟ್ಟಿಲು. ದೇವಕಿ ಗೋಡೆಗೆ ಬೆನ್ನೊತ್ತಿ ನಿಂತು ದಾರಿ ಬಿಟ್ಟಳು.

"ಗುಡ್ ಆಫ್ಟರ್‌ನೂನ್ ಮ್ಯಾಮ್," ಎಂದಿತು ಮೊದಲ ಮಗು ಮೆಲ್ಲಗೆ, ನಿಲ್ಲದೆ.

"ಗುಡ್ ಆಫ್ಟರ್‌ನೂನ್ ಮ್ಯಾಮ್," ಎಂದಿತು ಹಿಂದಿನದು.

ಬ್ಯಾಗುಗಳು ಅವಳ ಹೊಟ್ಟೆಯನ್ನು ಸವರಿಕೊಂಡು ಒಂದೊಂದಾಗಿ ಮೇಲೆ ಹೋದವು. ಅವಳು ಪ್ರತಿಯೊಬ್ಬರಿಗೂ ತಲೆಯಾಡಿಸುತ್ತಿದ್ದಳು. ಸಾಲು ಇನ್ನೂ ಬರುತ್ತಲೇ ಇತ್ತು.