ನಾಲ್ಕನೇ ಕಾರ್ಡಿನ ಮೇಲಿನ ಟವೆಲ್

ನಿಧಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ, ಉರಿಯುತ್ತದೆ. ನನ್ನ ಹಿಂದೆ ಈ ಕಂಪನಿಗೆ ಬಂದವಳು ನನಗಿಂತ ಮುಂಚೆ ಟೀಮ್ ಲೀಡ್ ಆದಳು. ನಾನೂ ಮೈಸೂರಿನವಳೇ, ಅವಳೂ ಮೈಸೂರಿನವಳೇ. ಆದರೆ ಬಾಯಿ ತುಂಬ ‘ಅಕ್ಕ, ಅಕ್ಕ’ ಎಂದು ಕರೆದು ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ನಮ್ಮ ಇಡೀ ಆಫೀಸಿಗೆ ನನ್ನ ವಯಸ್ಸು ಸಾರುವವಳು ಅವಳೊಬ್ಬಳೇ.

ಆ ಶುಕ್ರವಾರ ನನಗೆ ಬೇಕಾಗಿದ್ದುದು ಒಂದೇ ಒಂದು ಗ್ರಾಫಿಕ್ಸ್ ಕಾರ್ಡ್. ಜೀವಕೋಶಗಳ ಚಿತ್ರ ನೋಡಿ ರೋಗ ಗುರುತಿಸುವ ನನ್ನ ಎಐ ಮಾಡೆಲ್ ವಾರಾಂತ್ಯವಿಡೀ ಅದರ ಮೇಲೆ ಓಡಬೇಕಿತ್ತು. ಸೋಮವಾರದ ರಿವ್ಯೂನಲ್ಲಿ ಫಲಿತಾಂಶ ತೋರಿಸದಿದ್ದರೆ ನನ್ನ ಪ್ರಾಜೆಕ್ಟ್ ಮುಚ್ಚಿಬಿಡುತ್ತಾರೆ. ಸರ್ವರಿನಲ್ಲಿ ಇರುವುದೇ ನಾಲ್ಕು ಕಾರ್ಡು, ಅದೂ ನಮಗೂ ರಾಕ್‌ವಿಲ್ ಆಫೀಸಿನವರಿಗೂ ಸೇರಿ.

ಡೇಟಾ ಸರಿಪಡಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಪ್ಪು ಪರದೆಯಲ್ಲಿ ಎನ್‌ವಿಡಿಯಾ-ಎಸ್‌ಎಂಐ ಎಂದು ಟೈಪ್ ಮಾಡಿದೆ. ಯಾವ ಕಾರ್ಡ್ ಎಷ್ಟು ಬಿಸಿಯಾಗಿದೆ, ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಮಾಂಡ್ ಅದು. ಮೂರು ಕಾರ್ಡು ನೂರಕ್ಕೆ ತೊಂಬತ್ತೆಂಟರಷ್ಟು ದುಡಿಯುತ್ತಿದ್ದವು. ನಾಲ್ಕನೆಯದರ ಮೆಮೊರಿ ಭರ್ತಿ, ಕೆಲಸ ಮಾತ್ರ ಸೊನ್ನೆ. ಯಾರ ಹೆಸರಲ್ಲಿದೆ ಎಂದು ಹುಡುಕಿದೆ. ಇನ್ಯಾರು, ನಿಧಿ!

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಜನ ನಾವು, ನನಗೆ ಗೊತ್ತಾಗುವುದಿಲ್ಲವೇ? ಟವೆಲ್ ಹಾಕಿದವಳು ರಜಾ ಹಾಕಿ ಲಾರೆನ್ಸ್‌ವಿಲ್‌ಗೆ, ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಳು. ಬೆಳಿಗ್ಗೆಯಿಂದ ವಾಟ್ಸ್ಯಾಪಿನಲ್ಲಿ ಅವಳ ಮೂರು ಮೆಸೇಜು ಬಂದು ಕೂತಿದ್ದವು. ಮೇಲೆ ಕಾಣುತ್ತಿದ್ದುದು ‘ಫೋಟೊ’ ಎಂಬುದಷ್ಟೇ. ಅವಳ ತಂಗಿಯ ಅಡುಗೆಮನೆಯ ಗ್ರಾನೈಟ್ ನೋಡುತ್ತ ಕೂರಲು ನನಗೇನು ಬೇರೆ ಕೆಲಸವಿಲ್ಲವೇ? ತೆರೆಯಲೇ ಇಲ್ಲ.

ಪರದೆ ಎರಡೆರಡು ಸೆಕೆಂಡಿಗೆ ತಾನಾಗಿ ಹೊಸದಾಗುವಂತೆ ಮಾಡಿ ಕಾದೆ. ಸೊನ್ನೆ. ಮತ್ತೆ ಸೊನ್ನೆ. ತಾನೂ ತಿನ್ನುವುದಿಲ್ಲ, ಇನ್ನೊಬ್ಬರಿಗೂ ಬಿಡುವುದಿಲ್ಲ, ಎಂಥಾ ಬುದ್ಧಿ! ಎದ್ದು ಪಕ್ಕದ ಕ್ಯೂಬಿಕಲ್‌ಗೆ ಹೋದೆ. ಸರ್ವರ್ ನೋಡಿಕೊಳ್ಳುವ ಶೇಷಾದ್ರಿಯವರು ಅಲ್ಲೇ ಕೂರುವುದು.

“ಸರ್, ನಾಲ್ಕನೇ ಕಾರ್ಡನ್ನ ನಿಧಿ ಸುಮ್ನೆ ಬ್ಲಾಕ್ ಮಾಡಿಟ್ಟಿದಾಳೆ. ಕೆಲಸ ಇಲ್ದೆ ಕಾರ್ಡ್ ಹಿಡಿದಿಡಬಾರದು ಅನ್ನೋ ರೂಲ್ ಲೀಡ್ ಆದೋರಿಗೆ ಇಲ್ವಾ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಒಂದ್ಸಲ ಅವರಿಗೇ ಕಾಲ್ ಮಾಡಿ ಕೇಳಬಹುದಲ್ವಾ, ಶ್ರೀಲತಾ?”

“ಅವಳು ಹೋಳಿಗೆ ತಿಂತಾ ಕೂತಿರ್ತಾಳೆ. ರೂಲ್ ಅಂದ್ರೆ ರೂಲ್ ಸರ್, ಕಿಲ್ ಮಾಡಿ.”

ಮಾಡಿದರು, ಅವಳ ಪ್ರೋಗ್ರಾಂ ನಿಂತು ಕಾರ್ಡ್ ಖಾಲಿಯಾಯಿತು. ನಾನು ಓಡೋಡಿ ನನ್ನ ಜಾಗಕ್ಕೆ ಬಂದೆ. ಅಷ್ಟರಲ್ಲಿ ನಾಲ್ಕನೇ ಕಾರ್ಡೂ ತೊಂಬತ್ತೆಂಟು ತೋರಿಸುತ್ತಿತ್ತು! ಕಾರ್ಡ್ ಖಾಲಿಯಾದ ಕೂಡಲೇ ತಾನಾಗಿ ಶುರುವಾಗುವಂತೆ ರಾಕ್‌ವಿಲ್‌ನವರು ತಮ್ಮ ಕೆಲಸ ಕಾಯಿಸಿಟ್ಟಿದ್ದರಂತೆ. ಶೇಷಾದ್ರಿಯವರೇ ರಾಕ್‌ವಿಲ್‌ನವರನ್ನು ವಿಚಾರಿಸಿದರು. ಮಂಗಳವಾರದವರೆಗೆ ಓಡುತ್ತದಂತೆ.

“ನಡೀತಿರೋ ಕೆಲಸ ಕಿಲ್ ಮಾಡೋಕಾಗಲ್ಲಮ್ಮ. ರೂಲ್ ಅಂದ್ರೆ ರೂಲ್.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೋಮವಾರ ಬರಿಗೈಯಲ್ಲಿ ನಿಲ್ಲಬೇಕು. ಎಲ್ಲ ಆ ನಿಧಿಯಿಂದಲೇ, ಅವಳಿಗೆ ನಾಲ್ಕು ಮಾತು ಹಾಕೋಣವೆಂದು ವಾಟ್ಸ್ಯಾಪ್ ತೆರೆದೆ.

“ಅಕ್ಕ, ರಾಕ್‌ವಿಲ್‌ನೋರು ಕಾರ್ಡ್‌ಗೆ ಕಾಯ್ತಾ ಇದಾರೆ. ನಿಮಗೋಸ್ಕರ ನಾಲ್ಕನೇದನ್ನ ಹಿಡಿದಿಟ್ಟಿದೀನಿ.”

“ನಿಮ್ಮದು ರೆಡಿ ಆದ್ಮೇಲೆ ಮೆಸೇಜ್ ಹಾಕಿ. ಇದರೊಳಗೇ ನಿಮ್ಮದನ್ನ ಸ್ಟಾರ್ಟ್ ಮಾಡ್ತೀನಿ, ಬೇರೆ ಯಾರೂ ನುಗ್ಗೋಕಾಗಲ್ಲ.”

ಮೂರನೆಯದು ಆ ಫೋಟೊ. ಗ್ರಾನೈಟೂ ಇಲ್ಲ, ಅಡುಗೆಮನೆಯೂ ಇಲ್ಲ. ಹೋಮದ ಹೊಗೆಯ ಪಕ್ಕದಲ್ಲಿ ರೇಷ್ಮೆ ಸೀರೆ, ಸೀರೆಯ ಮಡಿಲಲ್ಲಿ ಲ್ಯಾಪ್‌ಟಾಪ್, ಪರದೆಯ ಮೇಲೆ ಅದೇ ಸೊನ್ನೆ. ನನ್ನ ಸೀಟನ್ನು ಅವಳು ಅಲ್ಲಿಂದಲೇ ಕಾಯುತ್ತಿದ್ದಳು.

ನಾಚಿಕೆಯಾಗಬೇಕಿತ್ತು ನನಗೆ. ಆಯಿತು ಕೂಡ. ಆದರೆ ಸುಳ್ಳೇಕೆ ಹೇಳಲಿ, ಅದಕ್ಕೂ ಮೊದಲು ಹೊಟ್ಟೆ ಮತ್ತೊಂದು ಸಲ ಭಗ್ಗೆಂದಿತು. ಒಳ್ಳೆಯತನದಲ್ಲೂ ಇವಳೇ ಲೀಡ್!

ಕೈಯಲ್ಲಿದ್ದ ಫೋನ್ ಗುಂಯ್ ಎಂದಿತು. ಅವಳದೇ ಮೆಸೇಜು.

“ಅಕ್ಕ, ಯಾವನೋ ಹೊಟ್ಟೆಕಿಚ್ಚಿನೋನು ನಮ್ಮ ಕಾರ್ಡ್ ಕಿಲ್ ಮಾಡಿಸಿದಾನೆ! ನೀವು ಟೆನ್ಷನ್ ಮಾಡ್ಕೋಬೇಡಿ. ಯಾರು ಅಂತ ಈಗಲೇ ಶೇಷಾದ್ರಿ ಅಂಕಲ್‌ಗೆ ಕಾಲ್ ಮಾಡಿ ಕೇಳ್ತೀನಿ.”

ಪಕ್ಕದ ಕ್ಯೂಬಿಕಲ್‌ನಲ್ಲಿ ಫೋನ್ ರಿಂಗಾಯಿತು.